ಕಡಲೆ ಕಟ್ಟಿನ ನೊರೆ: ಮನೆಯಲ್ಲಿ ಮೊಟ್ಟೆ ಇಲ್ಲದ ವಿಸ್ಕಿ ಸೌರ್

ಮಾರ್ಚ್ ಕೊನೆಯಲ್ಲಿ ಮದುವೆ ವಾರ್ಷಿಕೋತ್ಸವ ಅಂತ ಇಬ್ಬರೂ ಒಂದು ಪಬ್‌ಗೆ ಹೋಗಿದ್ದೆವು. ಇಬ್ಬರಿಗೂ ವಿಸ್ಕಿ ಸೌರ್ ಹೇಳಿದೆವು. ನನ್ನ ಗ್ಲಾಸಿನ ಮೇಲೆ ಒಂದು ಬೆರಳು ದಪ್ಪ ಬಿಳಿ ನೊರೆ ಕೂತಿತ್ತು. ಅದರ ಮೇಲೆ ಕಂದು ಬಣ್ಣದ ಮೂರು ಚುಕ್ಕಿ. ನನ್ನ ಹೆಂಡತಿ ಮೊಟ್ಟೆ ತಿನ್ನುವುದಿಲ್ಲ, ಹಾಗಾಗಿ ಎಗ್ ವೈಟ್ ಬೇಡ ಅಂದಿದ್ದಳು. ಅವಳ ಗ್ಲಾಸು ನಿಂಬೆ ಶರಬತ್ತಿನ ಹಾಗೆ ಬಂತು. ನೊರೆ ಇಲ್ಲ, ಚುಕ್ಕಿ ಇಲ್ಲ. ದುಡ್ಡು ಮಾತ್ರ ಎರಡಕ್ಕೂ ಒಂದೇ, ಟ್ಯಾಕ್ಸ್ ಸೇರಿ ತಲಾ 780 ರೂಪಾಯಿ.

"ಪರವಾಗಿಲ್ಲ, ಚೆನ್ನಾಗೇ ಇದೆ" ಅಂದಳು. ಆದರೆ ಅರ್ಧ ಕುಡಿದು ಪಕ್ಕಕ್ಕಿಟ್ಟಳು. ಅವಳ ಗ್ಲಾಸಿನ ಮೇಲೂ ಅಂಥದ್ದೇ ನೊರೆ ಬರಬೇಕು ಅಂತ ಅವತ್ತೇ ಮನಸ್ಸಿಗೆ ಬಂತು. ಐದು ವಾರ ಹಿಡಿಯಿತು. ಬರೆದಿಟ್ಟುಕೊಂಡ ಚೀಟಿಗಳನ್ನು ಒಟ್ಟು ಮಾಡಿ, ತಪ್ಪುಗಳನ್ನೂ ಸೇರಿಸಿ ಇಲ್ಲಿ ಹಾಕುತ್ತಿದ್ದೇನೆ. ಮೊಟ್ಟೆ ಬಳಸದ ಮನೆ ನಮ್ಮದೊಂದೇ ಅಲ್ಲವಲ್ಲ.

ವಿಸ್ಕಿ ಸೌರ್ ಅಂದರೆ ವಿಸ್ಕಿ, ನಿಂಬೆ ರಸ, ಸಕ್ಕರೆ ಪಾಕ, ಅಷ್ಟೇ. ಹಳೆಯ ಪಾನೀಯ. ಅಮೆರಿಕದ ವಿಸ್ಕಾನ್ಸಿನ್‌ನ ಒಂದು ಪತ್ರಿಕೆಯಲ್ಲಿ 1870ರಲ್ಲೇ ಇದರ ಹೆಸರು ಅಚ್ಚಾಗಿದೆ. ಮೊಟ್ಟೆಯ ಬಿಳಿ ಹಾಕಿದರೆ ಅದನ್ನು ಬಾಸ್ಟನ್ ಸೌರ್ ಅಂತಲೂ ಕರೆಯುತ್ತಾರೆ. ಇಂಟರ್‌ನ್ಯಾಷನಲ್ ಬಾರ್‌ಟೆಂಡರ್ಸ್ ಅಸೋಸಿಯೇಷನ್‌ನ ಪಟ್ಟಿಯಲ್ಲೂ ಮೊಟ್ಟೆ ಹಾಕಲೇಬೇಕು ಅಂತೇನಿಲ್ಲ. ಆದರೆ ನೊರೆ ಇದ್ದಾಗ ಹುಳಿ ನಾಲಿಗೆಗೆ ಚುಚ್ಚುವುದಿಲ್ಲ, ಮೆತ್ತಗೆ ಇಳಿಯುತ್ತದೆ. ಒಮ್ಮೆ ಹಾಗೆ ಕುಡಿದವರಿಗೆ ನೊರೆ ಇಲ್ಲದ್ದು ಸಪ್ಪೆ ಅನ್ನಿಸುತ್ತದೆ.

ಮೊಟ್ಟೆಯ ಬದಲಿಗೆ ಕಾಬೂಲಿ ಕಡಲೆ ಬೇಯಿಸಿದ ನೀರು ಆಗುತ್ತದೆ ಅಂತ ಕೇಳಿದ್ದೆ. ಫ್ರಾನ್ಸಿನ ಜೋಯೆಲ್ ರೋಸೆಲ್ ಎಂಬ ಗಾಯಕ 2014ರಲ್ಲಿ ಕಾಳು ಬೇಯಿಸಿದ ನೀರನ್ನು ಮೊಟ್ಟೆಯ ಬಿಳಿಯ ಹಾಗೆ ನೊರೆ ಬರಿಸಬಹುದು ಅಂತ ತೋರಿಸಿದರು. ಮರುವರ್ಷ ಅಮೆರಿಕದ ಗೂಸ್ ವೋಲ್ಟ್ ಅದಕ್ಕೆ ಅಕ್ವಾಫಾಬಾ ಅಂತ ಹೆಸರಿಟ್ಟರು. ನಮಗೆ ಹೊಸ ಹೆಸರು ಬೇಕಿಲ್ಲ. ಹುರುಳಿ ಕಟ್ಟು, ಬೇಳೆ ಕಟ್ಟು ಅಂತ ಸಾರಿಗೆ ಬಳಸುತ್ತಲೇ ಇದ್ದೇವೆ. ಇದು ಕಡಲೆ ಕಟ್ಟು.

ಸಾಮಾನು ಮತ್ತು ಖರ್ಚು

ವಿಸ್ಕಿ 750 ಎಂ.ಎಲ್., ನಮ್ಮ ದೇಶದ್ದೇ ಬ್ಲೆಂಡ್, ಆಲ್ಕೋಹಾಲ್ 42.8 ಪರ್ಸೆಂಟ್: 1,650 ರೂಪಾಯಿ. ಕಾಬೂಲಿ ಕಡಲೆ ಅರ್ಧ ಕೆಜಿಯ ಎರಡು ಪ್ಯಾಕೆಟ್: 160. ನಿಂಬೆಹಣ್ಣು 20: 200 (ಏಪ್ರಿಲ್ ಬಿಸಿಲಲ್ಲಿ ಒಂದಕ್ಕೆ ಹತ್ತು). ಅಂಗೋಸ್ಟುರಾ ಬಿಟರ್ಸ್ (ನೊರೆಯ ಮೇಲೆ ಹನಿ ಹಾಕುವ ಕಹಿ ದ್ರಾವಣ) ಚಿಕ್ಕ ಬಾಟಲಿ: 950. ಪೆಗ್ ಮೆಷರ್: 120. ಸ್ಟೀಲ್ ಶೇಕರ್ 750 ಎಂ.ಎಲ್.: 480. ಅಡುಗೆಮನೆ ತಕ್ಕಡಿ, ಒಂದೊಂದು ಗ್ರಾಂ ತೋರಿಸುವಂಥದ್ದು: 350. ಒಟ್ಟು 3,910. ಸಕ್ಕರೆ, ಗ್ಯಾಸು ಲೆಕ್ಕಕ್ಕೆ ಹಿಡಿದಿಲ್ಲ.

ಶೇಕರ್, ತಕ್ಕಡಿ ಎರಡನ್ನೂ ನಾನು ಕೊನೆಗೆ ಕೊಂಡೆ. ಮೊದಲೇ ಕೊಂಡಿದ್ದರೆ ಮೂರು ವಾರ ಉಳಿಯುತ್ತಿತ್ತು.

ಏಪ್ರಿಲ್ 5, ಶನಿವಾರ: ಮೊದಲ ಕಟ್ಟು

ಕಡಲೆ 200 ಗ್ರಾಂ ಹಿಂದಿನ ರಾತ್ರಿ ನೆನೆಹಾಕಿದ್ದೆ. ಬೆಳಿಗ್ಗೆ ನೆನೆದ ನೀರು ಚೆಲ್ಲಿ, ಕುಕ್ಕರ್‌ಗೆ ಒಂದೂವರೆ ಲೀಟರ್ ಹೊಸ ನೀರು ಹಾಕಿದೆ. ಕಡಲೆಯನ್ನು ಉಸಲಿಗೂ ಬಳಸೋಣ ಅಂತ ಒಂದು ಚಮಚ ಉಪ್ಪು. ಬೇಗ ಬೇಯಲಿ ಅಂತ ಒಂದು ಚಿಟಿಕೆ ಅಡುಗೆ ಸೋಡಾ. ಐದು ವಿಸಿಲ್.

ಇಲ್ಲಿ ಮೂರು ತಪ್ಪಿವೆ. ಉಪ್ಪು ನೇರವಾಗಿ ಗ್ಲಾಸಿಗೆ ಬರುತ್ತದೆ. ಸೋಡಾದಿಂದ ಕಟ್ಟು ಚಹಾದ ಬಣ್ಣಕ್ಕೆ ತಿರುಗಿತು, ಬಾಯಿಗಿಟ್ಟರೆ ಸೋಪಿನ ರುಚಿ. ನೀರು ತುಂಬಾ ಜಾಸ್ತಿ ಆಯಿತು. ಲೋಟಕ್ಕೆ ಹುಯ್ದರೆ ಅಕ್ಕಿ ತೊಳೆದ ನೀರಿನಷ್ಟೇ ತೆಳು.

ಆದರೂ ಬಿಡದೆ ಕಡಗೋಲಿನಿಂದ ಕಡೆದು ನೋಡಿದೆ. ದೊಡ್ಡ ದೊಡ್ಡ ಗುಳ್ಳೆ ಬಂದವು. ಕಡಗೋಲು ಎತ್ತಿ ಇಪ್ಪತ್ತು ಸೆಕೆಂಡಿಗೆ ಎಲ್ಲ ಮಾಯ. ಕಟ್ಟನ್ನು ಪೂರ್ತಿ ಚೆಲ್ಲಿದೆ. ಉಸಲಿ ಮಾತ್ರ ಚೆನ್ನಾಗಿತ್ತು.

ಸಂಜೆ ಅಮ್ಮನಿಗೆ ಫೋನ್ ಮಾಡಿದೆ. ಕಟ್ಟು ಗಟ್ಟಿ ಬರಬೇಕಾದರೆ ಏನು ಮಾಡಬೇಕು ಅಂತ ಕೇಳಿದೆ.

"ನೀರು ಕಮ್ಮಿ ಇಡು. ಕುಕ್ಕರ್ ಆರಿದ ಮೇಲೂ ಕಾಳನ್ನ ಆ ನೀರಲ್ಲೇ ಬಿಡು, ತಕ್ಷಣ ಬಸೀಬೇಡ. ಯಾವ ಸಾರಿಗೆ?"

ಸಾರಿಗಲ್ಲ ಅಂತ ಹೇಳಿ ವಿಷಯ ತಿಳಿಸಿದೆ. ಒಂದು ಗಳಿಗೆ ಸುಮ್ಮನಿದ್ದಳು. ಆಮೇಲೆ, "ಹಂಗಾದ್ರೆ ಉಪ್ಪು ಹಾಕ್ಬೇಡ ಮತ್ತೆ" ಅಂದಳು. ಅವಳ ಈ ಮೂರು ಮಾತಿನಲ್ಲೇ ಅರ್ಧ ಕೆಲಸ ಇತ್ತು.

ಏಪ್ರಿಲ್ 6, ಭಾನುವಾರ: ಡಬ್ಬಿ

ಕಟ್ಟು ಇಲ್ಲದಿದ್ದರೂ ಕುಲುಕುವುದನ್ನು ಕಲಿಯೋಣ ಅಂತ ಕೂತೆ. ವಿಸ್ಕಿ ಹಾಳಾಗಬಾರದು ಅಂತ ಅದರ ಬದಲಿಗೆ ತಣ್ಣನೆ ಡಿಕಾಕ್ಷನ್ ಟೀ 60 ಎಂ.ಎಲ್. ಹಾಕಿ, ನಿಂಬೆ, ಪಾಕ, ಐಸ್ ಸೇರಿಸಿ, ತಿರುಪು ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಕುಲುಕಿದೆ. ಹತ್ತನೇ ಸಲಕ್ಕೆ ಮುಚ್ಚಳದ ಅಂಚಿನಿಂದ ಟೀ ಸೋರಿ ಮೊಣಕೈವರೆಗೆ ಇಳಿಯಿತು. ಒಳಗೆ ರಬ್ಬರ್ ರಿಂಗ್ ಇಲ್ಲದ ಡಬ್ಬಿ ಈ ಕೆಲಸಕ್ಕೆ ಆಗುವುದಿಲ್ಲ.

ಆಮೇಲೆ ತಮ್ಮನ ಪ್ರೋಟೀನ್ ಶೇಕರ್ ತೆಗೆದುಕೊಂಡೆ. ಅದು ಸೋರಲಿಲ್ಲ. ಆದರೆ ಪ್ಲಾಸ್ಟಿಕ್‌ಗೆ ಹಿಡಿದಿದ್ದ ವೆನಿಲಾ ವಾಸನೆ ಟೀಗೂ ಬಂತು. ಬಿಸಿನೀರು, ನಿಂಬೆಸಿಪ್ಪೆ ಹಾಕಿ ಎರಡು ಸಲ ತೊಳೆದರೂ ಹೋಗಲಿಲ್ಲ. ಅದರೊಳಗಿನ ಸ್ಟೀಲ್ ತಂತಿಯ ಚೆಂಡನ್ನು ಮಾತ್ರ ತೆಗೆದಿಟ್ಟುಕೊಂಡೆ. ಈ ಚೆಂಡು ಮುಂದೆ ತುಂಬಾ ಕೆಲಸಕ್ಕೆ ಬಂತು.

ಗಾಜಿನ ಉಪ್ಪಿನಕಾಯಿ ಜಾಡಿಯನ್ನೂ ಕೈಗೆತ್ತಿಕೊಂಡಿದ್ದೆ. ಅದರಲ್ಲಿ ಐಸ್ ಹಾಕಿ ಜೋರಾಗಿ ಕುಲುಕಿದರೆ ಗಾಜು ಒಡೆಯಬಹುದು. ವಾಪಸ್ ಇಟ್ಟೆ. ಯಾರೂ ಇದನ್ನು ಮಾಡಬೇಡಿ.

ಏಪ್ರಿಲ್ 12 ಮತ್ತು 13: ಕಟ್ಟು ಬತ್ತಿಸುವುದು

ಈ ಸಲ ಅಮ್ಮ ಹೇಳಿದ ಹಾಗೆ. ಒಣ ಕಡಲೆ 200 ಗ್ರಾಂ, ರಾತ್ರಿ ನೆನೆಹಾಕಿ, ಆ ನೀರು ಚೆಲ್ಲಿ, ಹೊಸ ನೀರು 600 ಎಂ.ಎಲ್. ಮಾತ್ರ. ಉಪ್ಪಿಲ್ಲ, ಸೋಡಾ ಇಲ್ಲ. ಒಂದು ವಿಸಿಲ್ ಆದ ಮೇಲೆ ಉರಿ ಸಣ್ಣ ಮಾಡಿ 25 ನಿಮಿಷ. ಒಲೆ ಆರಿಸಿ, ತಣ್ಣಗಾದ ಮೇಲೆ ಕುಕ್ಕರ್ ಸಮೇತ ಫ್ರಿಜ್‌ನಲ್ಲಿಟ್ಟು ಮಲಗಿದೆ.

ಬೆಳಿಗ್ಗೆ ಟೀ ಸೋಸುವ ಜರಡಿಯಲ್ಲಿ ಬಸಿದೆ. 360 ಎಂ.ಎಲ್. ಸಿಕ್ಕಿತು. ತಿಳಿ ಹಳದಿ ಬಣ್ಣ, ಬೆರಳಿಗೆ ತುಸು ಜಿಗುಟು. ಅದರಿಂದ 60 ಎಂ.ಎಲ್. ತೆಗೆದಿಟ್ಟು, ಉಳಿದದ್ದನ್ನು ಅಗಲವಾದ ಬಾಣಲೆಯಲ್ಲಿ ಸಣ್ಣ ಉರಿಗೆ ಇಟ್ಟೆ. ಮೇಲೆ ಬರುವ ಕೆನೆಯಂಥ ಪೊರೆಯನ್ನು ಚಮಚದಿಂದ ತೆಗೆಯುತ್ತಾ ಇದ್ದೆ.

ಎಷ್ಟು ಬತ್ತಿಸಬೇಕು ಅಂತ ಗೊತ್ತಿರಲಿಲ್ಲ. ಅದಕ್ಕೇ ಮೂರು ಹಂತದಲ್ಲಿ ತೆಗೆದು ನೋಡಿದೆ.

ಬತ್ತಿಸದೇ ಇಟ್ಟದ್ದು: ಕಾಫಿಗೆ ನೊರೆ ಮಾಡುವ ಬ್ಯಾಟರಿ ಕಡ್ಡಿಯಿಂದ ಕಡೆದರೆ ನೊರೆ ಬರುತ್ತದೆ, ಎರಡು ನಿಮಿಷಕ್ಕೆ ಇಳಿಯುತ್ತದೆ.

ಅರ್ಧಕ್ಕೆ ಬತ್ತಿಸಿದ್ದು: ಬಿಸಿ ಇದ್ದಾಗ ನೀರಾಗೇ ಕಾಣುತ್ತದೆ. ಇಲ್ಲೇ ನಾನು ಮೋಸ ಹೋದೆ. ಇನ್ನೂ ತೆಳುವಾಗಿದೆ ಅಂತ ಒಲೆ ಮೇಲೇ ಬಿಟ್ಟೆ. ಆದರೆ ಅದರಿಂದ ತೆಗೆದಿಟ್ಟ ಒಂದು ಸೌಟು ಫ್ರಿಜ್‌ನಲ್ಲಿ ಒಂದು ಗಂಟೆ ಇದ್ದು ಮೊಟ್ಟೆಯ ಬಿಳಿಯ ಹದಕ್ಕೆ ಬಂದಿತ್ತು. ಬಟ್ಟಲು ಅಲುಗಿಸಿದರೆ ಇಡಿಯಾಗಿ ತುಳುಕುತ್ತಿತ್ತು, ಚಮಚದಿಂದ ಬಿಟ್ಟರೆ ಎಳೆಯಾಗಿ ಇಳಿಯುತ್ತಿತ್ತು. ಕಡೆದರೆ ದೋಸೆ ಹಿಟ್ಟು ಹುಳಿ ಬಂದಾಗಿನಷ್ಟು ಸಣ್ಣ ಗುಳ್ಳೆ. ಐದು ನಿಮಿಷವಾದರೂ ಕದಲಲಿಲ್ಲ.

ಮೂರನೇ ಒಂದಕ್ಕಿಂತ ಕೆಳಗೆ ಬತ್ತಿಸಿದ್ದು: ಕಂದು ಅಂಟು. ನೊರೆ ಗಟ್ಟಿಯಾಗಿ ಬರುತ್ತದೆ, ಆದರೆ ಮೂಗಿನ ಹತ್ತಿರ ಹಿಡಿದರೆ ಬರೀ ಕಡಲೆ ವಾಸನೆ. ಬೇಡ.

ಹದವನ್ನು ತಣ್ಣಗಾದ ಮೇಲೆ ನೋಡಬೇಕು, ಒಲೆ ಮೇಲೆ ಅಲ್ಲ. ಇಡೀ ಕೆಲಸದಲ್ಲಿ ನನಗೆ ಅತಿ ಹೆಚ್ಚು ಹೊತ್ತು ಹಿಡಿದದ್ದು ಇದನ್ನು ತಿಳಿಯಲಿಕ್ಕೆ. ಕಡಲೆಯಿಂದ ನೀರಿಗಿಳಿಯುವ ಪ್ರೋಟೀನ್ ಮತ್ತು ಸಪೋನಿನ್ ಈ ನೊರೆ ಕಟ್ಟುತ್ತವೆ. ಅಂಟುವಾಳ ಕಾಯಿ ನೊರೆ ಬರಿಸುವುದೂ ಸಪೋನಿನ್‌ನಿಂದಲೇ. ನೆನೆಹಾಕಿದ ಮೊದಲ ನೀರನ್ನು ಮಾತ್ರ ಬಳಸಬೇಡಿ, ಅದರ ಹಸಿ ವಾಸನೆ ಹೋಗುವುದಿಲ್ಲ.

ಅದೇ ಸಂಜೆ ಮೊದಲ ಸಲ ವಿಸ್ಕಿ ಹಾಕಿದೆ. ಪ್ರಯೋಗಕ್ಕೆಲ್ಲ ಅರ್ಧ ಅಳತೆ, 30 ಎಂ.ಎಲ್. ಮಾತ್ರ. ಇಲ್ಲದಿದ್ದರೆ ನಾಲ್ಕನೇ ಗ್ಲಾಸಿನ ಹೊತ್ತಿಗೆ ರುಚಿ ಹೇಳುವವರು ಯಾರು? ಹಳೇ ಪ್ರೋಟೀನ್ ಶೇಕರ್‌ನಲ್ಲೇ ಕುಲುಕಿದೆ. ಇದೇ ಕಟ್ಟನ್ನು ಟೀ ಜೊತೆ ಕುಲುಕಿದಾಗ ಎದ್ದು ನಿಲ್ಲುತ್ತಿದ್ದ ನೊರೆ, ವಿಸ್ಕಿ ಜೊತೆ ಅರ್ಧಕ್ಕರ್ಧ ಕಡಿಮೆ ಬಂತು. ಆಲ್ಕೋಹಾಲ್ ನೊರೆಯನ್ನು ಇಳಿಸುತ್ತದೆ. ಟೀ ಹಾಕಿ ಪಡೆದ ಫಲಿತಾಂಶವನ್ನು ನಂಬಿ ಕೂರಬಾರದು ಅಂತ ಅವತ್ತು ತಿಳಿಯಿತು.

ಜೊತೆಗೆ ವಿಪರೀತ ಹುಳಿ. ಪಾಕ ಜಾಸ್ತಿ ಮಾಡಿದೆ, ಆಗ ವಿಪರೀತ ಸಿಹಿ. ಏನು ಮಾಡಿದರೂ ವಿಸ್ಕಿ ಎಲ್ಲೋ ಹಿಂದೆ ನಿಂತಿತ್ತು. ಯಾಕೆ ಅಂತ ಅವತ್ತು ಗೊತ್ತಾಗಲಿಲ್ಲ.

ಏಪ್ರಿಲ್ 19, ಶನಿವಾರ: ಅಳತೆ

ಸ್ಟೀಲ್ ಶೇಕರ್, ತಕ್ಕಡಿ ಎರಡೂ ತಂದೆ. ತಕ್ಕಡಿ ಬಂದ ಕೂಡಲೇ ಸುಮ್ನೆ ಪೆಗ್ ಮೆಷರ್ ಅನ್ನು ಅದರ ಮೇಲಿಟ್ಟು ನೀರು ತುಂಬಿದೆ. ನೀರು ಒಂದು ಎಂ.ಎಲ್. ಅಂದರೆ ಒಂದು ಗ್ರಾಂ ಅಲ್ವಾ. 60 ಅಂತ ಬರೆದ ಕಡೆ ಅಂಚಿನವರೆಗೆ ತುಂಬಿದರೂ 51 ಗ್ರಾಂ! ಮೂರು ಸಲ ಒರೆಸಿ ತುಂಬಿದೆ. 51, 52, 51. ಇನ್ನೊಂದು ಬದಿ, 30ರದ್ದು, 27.

ನಿಂಬೆ ರಸವನ್ನು ನಾನು ಅಳೆಯುತ್ತಿದ್ದದ್ದು ಕೆಮ್ಮಿನ ಸಿರಪ್ ಬಾಟಲಿಯ ಮುಚ್ಚಳದಲ್ಲಿ. ಅದನ್ನೂ ತೂಗಿದೆ. 10 ಎಂ.ಎಲ್. ಗೆರೆಗೆ ಸರಿಯಾಗಿ 10 ಗ್ರಾಂ. ಅಂದರೆ ಹುಳಿ ಸರಿ ಅಳತೆಗೆ ಬೀಳುತ್ತಿತ್ತು, ವಿಸ್ಕಿ ಮಾತ್ರ ಕಡಿಮೆ. ಅಲ್ಲಿಯವರೆಗೆ ಬರೆದಿಟ್ಟ ರುಚಿಯ ಲೆಕ್ಕವೆಲ್ಲ ತಪ್ಪು. ಆ ಚೀಟಿಗಳಿಗೆ ಅಡ್ಡಗೆರೆ ಎಳೆದೆ.

ಅವತ್ತಿನಿಂದ ಪೆಗ್ ಮೆಷರ್ ಬಿಟ್ಟೆ. ಶೇಕರನ್ನೇ ತಕ್ಕಡಿ ಮೇಲಿಟ್ಟು, ಸೊನ್ನೆ ಮಾಡಿ, ಒಂದೊಂದನ್ನೇ ಹುಯ್ಯುತ್ತೇನೆ. 42.8 ಪರ್ಸೆಂಟ್ ವಿಸ್ಕಿ ನೀರಿಗಿಂತ ಹಗುರ. 60 ಎಂ.ಎಲ್.ಗೆ 57 ಗ್ರಾಂ ಆಗುತ್ತದೆ.

ಪಾಕದಲ್ಲೂ ತಪ್ಪು ಮಾಡಿದ್ದೆ. ಪಾಕ ಅಂದ ಕೂಡಲೇ ನಮ್ಮ ಕೈ ಒಂದೆಳೆಗೆ ಹೋಗುತ್ತದೆ. ಕುದಿಸಿ, ಬೆರಳಲ್ಲಿ ಎಳೆ ನೋಡಿ ಇಳಿಸಿದ್ದೆ. ಅದು ಜಾಮೂನಿಗೆ, ಇದಕ್ಕಲ್ಲ. ಮರುದಿನ ಬಾಟಲಿಯ ತಳದಲ್ಲಿ ಕಲ್ಲುಸಕ್ಕರೆ ಕಟ್ಟಿತ್ತು. ಈಗ 200 ಗ್ರಾಂ ಸಕ್ಕರೆಗೆ 200 ಗ್ರಾಂ ಬಿಸಿನೀರು, ಕರಗುವವರೆಗೆ ಕಲಕುವುದು, ಕುದಿಸುವುದೇ ಇಲ್ಲ. ಇದರಲ್ಲಿ 20 ಎಂ.ಎಲ್. ಅಂದರೆ ಸುಮಾರು 25 ಗ್ರಾಂ.

ಇನ್ನು ನಿಂಬೆ. ಅಮೆರಿಕದಲ್ಲಿ ಇದಕ್ಕೆ ಬಳಸುವುದು ದಪ್ಪ ಸಿಪ್ಪೆಯ ಹಳದಿ ಲೆಮನ್. ನಮ್ಮ ಸಣ್ಣ ನಿಂಬೆಹಣ್ಣು, ವಿಜಯಪುರದ ಇಂಡಿ ಕಡೆಯಿಂದ ಬರುವಂಥದ್ದು, ಅದಕ್ಕಿಂತ ಚುರುಕು. ಘಮವೂ ಬೇರೆ. ನನಗೆ ನಮ್ಮದೇ ಇಷ್ಟವಾಯಿತು, ಆದರೆ 25 ಎಂ.ಎಲ್. ಜಾಸ್ತಿಯಾಗುತ್ತದೆ, 22 ಸಾಕು. ಒಂದು ಹಣ್ಣಿಗೆ 10ರಿಂದ 12 ಎಂ.ಎಲ್. ಸಿಗುತ್ತದೆ, ಹಾಗಾಗಿ ಗ್ಲಾಸಿಗೆ ಎರಡು ಹಣ್ಣು. ಹಿಂಡುವ ಕೈಯಂತ್ರದಲ್ಲಿ ಕೊನೆಯವರೆಗೆ ಒತ್ತಿದರೆ ಸಿಪ್ಪೆಯ ಕಹಿ ಇಳಿಯುತ್ತದೆ. ಮುಕ್ಕಾಲು ಒತ್ತಿ ಬಿಡಬೇಕು. ಹಿಂದಿನ ದಿನ ಹಿಂಡಿಟ್ಟ ರಸವನ್ನೂ ಬಳಸಿ ನೋಡಿದೆ. ಕಹಿಯಾಗಿತ್ತು, ಚೆಲ್ಲಿದೆ.

ಅವತ್ತು ರಾತ್ರಿ ಸರಿ ಅಳತೆಯಲ್ಲಿ ಮಾಡಿದ ಅರ್ಧ ಗ್ಲಾಸು ಹೆಂಡತಿಗೆ ಕೊಟ್ಟೆ. "ಈಗ ವಿಸ್ಕಿ ಗೊತ್ತಾಗ್ತಿದೆ" ಅಂದಳು. ನೊರೆ ಇನ್ನೂ ತೆಳುವಾಗಿತ್ತು. ಸ್ಕೇಲ್ ಇಟ್ಟು ನೋಡಿದೆ, ಐದು ನಿಮಿಷದ ನಂತರ 4 ಮಿ.ಮೀ.

ಏಪ್ರಿಲ್ 26, ಶನಿವಾರ: ಕುಲುಕುವ ಕ್ರಮ

ಶೇಕರ್ ಮೊದಲ ದಿನವೇ ಕೈಕೊಟ್ಟಿತ್ತು. ಐಸ್ ಹಾಕಿ ಕುಲುಕಿದ ಮೇಲೆ ಮುಚ್ಚಳ ಕಚ್ಚಿಕೊಂಡು ತೆಗೆಯಲಿಕ್ಕೇ ಆಗಲಿಲ್ಲ. ಒಳಗಿನ ಗಾಳಿ ತಣ್ಣಗಾಗಿ ಕುಗ್ಗುತ್ತದೆ, ಸ್ಟೀಲ್ ಬಿಗಿಯುತ್ತದೆ. ಚಾಕುವಿನ ಹಿಂಬದಿಯಿಂದ ಎಬ್ಬಿಸಲು ಹೋಗಿ ಅಂಚಿನಲ್ಲಿ ಒಂದು ತಗ್ಗು ಬಿತ್ತು. ಈಗ ಅಲ್ಲಿಂದ ಒಂದೊಂದು ಹನಿ ಸೋರುತ್ತದೆ. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಮುಚ್ಚಳದ ಸುತ್ತ ಹತ್ತು ಸೆಕೆಂಡ್ ಸುತ್ತಿದರೆ ತಾನಾಗಿಯೇ ಬಿಡುತ್ತದೆ. ಚಾಕು ಬೇಡವೇ ಬೇಡ.

ಈ ಶನಿವಾರ ಒಂದೇ ಕಟ್ಟು, ಒಂದೇ ಅಳತೆ ಇಟ್ಟುಕೊಂಡು ಕುಲುಕುವ ಕ್ರಮ ಮಾತ್ರ ಬದಲಿಸಿದೆ. ನಾಲ್ಕು ಅರ್ಧ ಗ್ಲಾಸು. ಇಬ್ಬರೂ ಎರಡೆರಡು ಗುಟುಕು ರುಚಿ ನೋಡಿ ಉಳಿದದ್ದನ್ನು ಬಿಟ್ಟೆವು.

ಮೊದಲನೆಯದು, ಎಲ್ಲವನ್ನೂ ಐಸ್ ಜೊತೆ ಒಟ್ಟಿಗೆ 15 ಸೆಕೆಂಡ್. ಐದು ನಿಮಿಷಕ್ಕೆ ನೊರೆ 4 ಮಿ.ಮೀ.

ಎರಡನೆಯದು, ಮೊದಲು ಐಸ್ ಇಲ್ಲದೆ 30 ಸೆಕೆಂಡ್, ಆಮೇಲೆ ಐಸ್ ಹಾಕಿ 12 ಸೆಕೆಂಡ್. 7 ಮಿ.ಮೀ. ಐಸ್ ಇಲ್ಲದಾಗ ಮುಚ್ಚಳ ಕಚ್ಚುವುದಿಲ್ಲ, ಎರಡೂ ಕೈಯಲ್ಲಿ ಒತ್ತಿ ಹಿಡಿದಿರಬೇಕು.

ಮೂರನೆಯದು, ಅದನ್ನೇ ತಿರುಗಿಸಿದೆ. ಮೊದಲು ಐಸ್ ಜೊತೆ 12 ಸೆಕೆಂಡ್, ಐಸ್ ಸೋಸಿ ತೆಗೆದು, ಮತ್ತೆ ಖಾಲಿ ಶೇಕರ್‌ನಲ್ಲಿ 30 ಸೆಕೆಂಡ್. 10 ಮಿ.ಮೀ.

ನಾಲ್ಕನೆಯದು, ಮೂರನೆಯದರ ಹಾಗೇ, ಆದರೆ ಕೊನೆಯ 30 ಸೆಕೆಂಡಿಗೆ ಆ ತಂತಿ ಚೆಂಡನ್ನು ಒಳಗೆ ಹಾಕಿದೆ. 13 ಮಿ.ಮೀ. ಪಬ್‌ನಲ್ಲಿ ನನಗೆ ಬಂದಿದ್ದ ಒಂದು ಬೆರಳು ಹತ್ತಿರ ಹತ್ತಿರ ಇಷ್ಟೇ.

ಹುಯ್ದ ಕೂಡಲೇ ಗ್ಲಾಸು ಪೂರ್ತಿ ಮಬ್ಬು ಕೆನೆಬಣ್ಣ, ಎಲ್ಲಿಯೂ ಗೆರೆ ಇಲ್ಲ. ಅರ್ಧ ನಿಮಿಷಕ್ಕೆ ತಳದಲ್ಲಿ ಜೇನಿನ ಬಣ್ಣ ತಿಳಿಯಾಗಲು ಶುರುವಾಗುತ್ತದೆ. ಆ ತಿಳಿ ಕೆಳಗಿನಿಂದ ಮೇಲಕ್ಕೆ ಏರುತ್ತಾ ಹೋಗುತ್ತದೆ, ಸಣ್ಣ ಗುಳ್ಳೆಗಳು ಅದರ ಮುಂದೆ ಮುಂದೆ ಓಡುತ್ತವೆ. ಎರಡು ನಿಮಿಷಕ್ಕೆ ಕೆಳಗೆ ಬಂಗಾರ, ಮೇಲೆ ಬಿಳಿ, ನಡುವೆ ಚಾಕುವಿನಿಂದ ಕೊಯ್ದಂಥ ಗೆರೆ. ಇಬ್ಬರೂ ಟೇಬಲ್ ಮಟ್ಟಕ್ಕೆ ಬಗ್ಗಿ ನೋಡುತ್ತಾ ಕೂತಿದ್ದೆವು.

ಐಸ್ ಬಗ್ಗೆ ಒಂದು ಮಾತು. ಫ್ರೀಜರ್‌ನಿಂದ ತೆಗೆದು ಟೇಬಲ್ ಮೇಲೆ ಹತ್ತು ನಿಮಿಷ ಬಿಟ್ಟ ಐಸ್ ಒದ್ದೆಯಾಗಿರುತ್ತದೆ, ಆ ನೀರೆಲ್ಲ ಒಳಗೆ ಸೇರುತ್ತದೆ. ತೂಗಿ ನೋಡಿದೆ. ಪೂರ್ತಿ ಅಳತೆಯ ಗ್ಲಾಸಿಗೆ ಒಳಗೆ ಹಾಕಿದ್ದು 125 ಗ್ರಾಂ. ಫ್ರೀಜರ್‌ನಿಂದ ಆಗಷ್ಟೇ ತೆಗೆದ ಐಸ್‌ನಿಂದ ಕುಲುಕಿ ಸೋಸಿದಾಗ 167 ಗ್ರಾಂ. ಒದ್ದೆ ಐಸ್‌ನಿಂದ 188. ರುಚಿಯಲ್ಲಿ ಈ 21 ಗ್ರಾಂ ಚೆನ್ನಾಗಿ ಗೊತ್ತಾಗುತ್ತದೆ, ನೊರೆಯೂ ಸಡಿಲ. ಎಲ್ಲ ಸಿದ್ಧವಾದ ಮೇಲೆ ಕೊನೆಗೆ ಐಸ್ ತೆಗೆಯಿರಿ.

ಉಳಿದದ್ದು ಕಡಲೆ ವಾಸನೆ. ಹದವಾಗಿ ಬತ್ತಿಸಿದ ಕಟ್ಟಿನಲ್ಲೂ ನೊರೆಗೆ ಮೂಗಿಟ್ಟರೆ ಸ್ವಲ್ಪ ಬರುತ್ತದೆ. ಮೊಟ್ಟೆ ಹಾಕಿದಾಗಲೂ ಹಸಿ ವಾಸನೆ ಇದ್ದೇ ಇರುತ್ತದೆ, ಮೇಲಿನ ಆ ಕಂದು ಚುಕ್ಕಿಗಳು ಅದನ್ನು ಮುಚ್ಚುತ್ತವೆ. ಅದು ಅಂಗೋಸ್ಟುರಾ ಬಿಟರ್ಸ್. 1824ರಲ್ಲಿ ಸೀಗರ್ಟ್ ಎಂಬ ಜರ್ಮನ್ ವೈದ್ಯರು ವೆನೆಜುವೆಲಾದ ಅಂಗೋಸ್ಟುರಾ ಊರಲ್ಲಿ ಔಷಧಿ ಅಂತ ಮಾಡಿದ್ದು. ಈಗ ಟ್ರಿನಿಡಾಡ್‌ನಲ್ಲಿ ತಯಾರಾಗುತ್ತದೆ. ಬಾಟಲಿಗಿಂತ ದೊಡ್ಡ ಲೇಬಲ್, ಕುತ್ತಿಗೆವರೆಗೆ ಕಾಗದ. 950 ರೂಪಾಯಿ ಜಾಸ್ತಿ ಅನ್ನಿಸಿ ಮೊದಲು ಇದನ್ನು ಬಿಟ್ಟೇ ಮಾಡಿದ್ದೆ. ಲವಂಗ, ಚಕ್ಕೆ ಪುಡಿ ಉದುರಿಸಿ ನೋಡಿದೆ. ಪುಡಿ ನೊರೆಯ ಮೇಲೆ ಮರಳಿನ ಹಾಗೆ ಕೂತು ನಾಲಿಗೆಗೆ ಸಿಕ್ಕಿತು. ಕೊನೆಗೆ ಬಿಟರ್ಸ್ ತಂದೆ. ಮೂರು ಹನಿ ಹಾಕಿ ಟೂತ್‌ಪಿಕ್‌ನಿಂದ ಎಳೆದರೆ ಚುಕ್ಕಿ ಎಲೆಯ ಆಕಾರಕ್ಕೆ ಬರುತ್ತದೆ. ಕಡಲೆ ವಾಸನೆ ಪೂರ್ತಿ ಹೋಗುತ್ತದೆ. ಒಂದು ಬಾಟಲಿ ವರ್ಷಗಟ್ಟಲೆ ಬರುತ್ತದೆ. ಇದನ್ನು ಬಿಡಬೇಡಿ.

ಮೇಲಿಡಲು ಬೇಕರಿಯ ಕೆಂಪು ಚೆರ್ರಿಯನ್ನೂ ತಂದಿದ್ದೆ. ನಮ್ಮಲ್ಲಿ ಹಾಗೆ ಸಿಗುವುದು ಹೆಚ್ಚಾಗಿ ಸಕ್ಕರೆಯಲ್ಲಿ ಹಾಕಿದ ಕವಳಿ ಹಣ್ಣು. ಅದರ ಬಣ್ಣ ನೊರೆಗೆ ಇಳಿದು ಗುಲಾಬಿ ಕಲೆಯಾಯಿತು. ತೆಗೆದುಬಿಟ್ಟೆ.

ಏಪ್ರಿಲ್ 27, ಭಾನುವಾರ: ಒಂದು ಸಣ್ಣ ಪರೀಕ್ಷೆ

ಭಾವಮೈದುನ ಕೊಟ್ಟಿದ್ದ ಅಮೃತ್ ಫ್ಯೂಷನ್ ಅರ್ಧ ಬಾಟಲಿ ಮನೆಯಲ್ಲಿತ್ತು. ಮೈಸೂರು ರಸ್ತೆಯ ಕುಂಬಳಗೋಡಿನಲ್ಲಿ ಆಗುವ ಸಿಂಗಲ್ ಮಾಲ್ಟ್, 50 ಪರ್ಸೆಂಟ್. ಇದೇ ಕಂಪನಿ ತನ್ನ ಸಿಂಗಲ್ ಮಾಲ್ಟನ್ನು 2004ರಲ್ಲಿ ಮೊದಲು ಮಾರಿದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ಬೆಂಗಳೂರಿನವನಾಗಿ ಅದನ್ನೊಮ್ಮೆ ಹಾಕಿ ನೋಡಬೇಕು ಅನ್ನಿಸಿತು, 30 ಎಂ.ಎಲ್. ಮಾತ್ರ. ಅದರಲ್ಲಿರುವ ಹೊಗೆಯ ಘಮ ನಿಂಬೆಯ ಜೊತೆ ಜಗಳವಾಡಲಿಲ್ಲ, ಆದರೆ ಹುಳಿಯ ಕೆಳಗೆ ಅದರ ಅರ್ಧ ರುಚಿ ಮುಚ್ಚಿಹೋಯಿತು. ಆ ವಿಸ್ಕಿಯನ್ನು ಎರಡು ಹನಿ ನೀರು ಹಾಕಿ ಹಾಗೇ ಕುಡಿಯುವುದೇ ಸರಿ. ಸೌರ್‌ಗೆ ಸಾಧಾರಣ ಬ್ಲೆಂಡ್ ಸಾಕು.

ಮೇ 3, ಶನಿವಾರ: ನಾಲ್ಕು ಗ್ಲಾಸು

ನಾದಿನಿ ಮತ್ತು ಅವಳ ಗಂಡ ಊಟಕ್ಕೆ ಬರುವವರಿದ್ದರು. ಅಕ್ಕತಂಗಿ ಇಬ್ಬರೂ ಮೊಟ್ಟೆ ತಿನ್ನುವವರಲ್ಲ. ಗುರುವಾರವೇ ಕಟ್ಟು ಮಾಡಿ ಐಸ್ ಟ್ರೇನಲ್ಲಿ ಹೆಪ್ಪುಗಟ್ಟಿಸಿದ್ದೆ. ನಮ್ಮ ಟ್ರೇಯ ಒಂದು ಗುಂಡಿ ಸರಿಯಾಗಿ 20 ಎಂ.ಎಲ್. ಹಿಡಿಯುತ್ತದೆ, ಗ್ಲಾಸಿಗೆ ಒಂದು. ಶನಿವಾರ ಮಧ್ಯಾಹ್ನ ನಾಲ್ಕು ತುಂಡು ತೆಗೆದು ಫ್ರಿಜ್‌ನಲ್ಲಿ ಕರಗಲು ಬಿಟ್ಟೆ. ಹೆಪ್ಪುಗಟ್ಟಿ ಕರಗಿದ ಮೇಲೂ ನೊರೆ ಕಡಿಮೆಯಾಗಲಿಲ್ಲ, 12 ಮಿ.ಮೀ. ಬಂತು.

ಕೊನೆಗೆ ನಿಂತ ಅಳತೆ, ಒಂದು ಗ್ಲಾಸಿಗೆ: ವಿಸ್ಕಿ 57 ಗ್ರಾಂ (60 ಎಂ.ಎಲ್.), ನಿಂಬೆ ರಸ 22 ಎಂ.ಎಲ್., ಪಾಕ 25 ಗ್ರಾಂ (20 ಎಂ.ಎಲ್.), ಕಡಲೆ ಕಟ್ಟು 20 ಎಂ.ಎಲ್. ಫ್ರೀಜರ್‌ನಿಂದ ಆಗಷ್ಟೇ ತೆಗೆದ ಐಸ್ ಎಂಟು ತುಂಡು. ಐಸ್ ಜೊತೆ 12 ಸೆಕೆಂಡ್, ಸೋಸಿ, ತಂತಿ ಚೆಂಡು ಹಾಕಿ 30 ಸೆಕೆಂಡ್. ಫ್ರೀಜರ್‌ನಲ್ಲಿಟ್ಟ ಗ್ಲಾಸಿಗೆ ಒಂದೇ ಸಲಕ್ಕೆ ಹುಯ್ಯುವುದು. ಒಂದು ನಿಮಿಷ ಬಿಟ್ಟು ಬಿಟರ್ಸ್ ಮೂರು ಹನಿ.

ಅವತ್ತೂ ಒಂದು ತಪ್ಪಾಯಿತು. ಸಮಯ ಉಳಿಸಲು ಎರಡು ಗ್ಲಾಸಿನ ಅಳತೆಯನ್ನು ಒಂದೇ ಸಲ ಶೇಕರ್‌ಗೆ ಹಾಕಿದೆ. ಐಸ್ ಸೇರಿ ಮುಕ್ಕಾಲು ತುಂಬಿಹೋಯಿತು, ಕುಲುಕಲು ಜಾಗವೇ ಉಳಿಯಲಿಲ್ಲ. ನೊರೆ 5 ಮಿ.ಮೀ. ಆ ಎರಡು ಗ್ಲಾಸು ನಾನು ಮತ್ತು ನಾದಿನಿಯ ಗಂಡ ತೆಗೆದುಕೊಂಡೆವು. ಉಳಿದೆರಡನ್ನು ಒಂದೊಂದಾಗಿ ಮಾಡಿದೆ.

ನಾದಿನಿ ಗ್ಲಾಸು ಎತ್ತಿ ಒಂದು ಸಲ ನೊರೆ ನೋಡಿದಳು, ಒಂದು ಸಲ ನನ್ನನ್ನು ನೋಡಿದಳು. "ಭಾವ, ಇದರಲ್ಲಿ ಮೊಟ್ಟೆ ಇಲ್ಲ ತಾನೇ?" ನಾನು ಹೇಳುವ ಮೊದಲೇ ಹೆಂಡತಿ ಹೇಳಿದಳು, "ಐದು ವಾರದಿಂದ ಉಸಲಿ ತಿಂದಿದ್ದೀನಿ ಕಣೇ. ಕುಡಿ."

ತಲಾ ಒಂದೇ ಗ್ಲಾಸು, ಆಮೇಲೆ ಊಟ. ಅವರು ಗಾಡಿ ತಂದಿರಲಿಲ್ಲ, ಮೆಟ್ರೋದಲ್ಲಿ ಬಂದವರು ಮೆಟ್ರೋದಲ್ಲೇ ಹೋದರು. ಪಾತ್ರೆ ತೊಳೆಯುವಾಗ ಹೆಂಡತಿಯ ಗ್ಲಾಸು ಕೈಗೆ ಬಂತು. ಒಳಗೋಡೆಯ ಮೇಲೆ ನೊರೆಯ ಉಂಗುರಗಳು, ಒಂದೊಂದು ಗುಟುಕಿಗೆ ಒಂದೊಂದರಂತೆ, ತಳದವರೆಗೂ ಅಂಟಿಕೊಂಡಿದ್ದವು. ಎಣಿಸಿದೆ. ಒಂಬತ್ತು.

ಫ್ರೀಜರ್‌ನಲ್ಲಿ ಇನ್ನೂ ನಾಲ್ಕು ತುಂಡು ಕಟ್ಟು ಇದೆ.